ಟಗರಿನ ತೊಡೆಗೆ ರೇಷ್ಮೆ

ಅನುಷಾಳ ಕೆಲಸವೇನೆಂದು ಹೊಂಗನೂರಿನಲ್ಲಿ ಯಾರಾದರೂ ಕೇಳಿದರೆ ದೊಡ್ಡಪ್ಪ ಬೀರಯ್ಯ, "ಸೀರೆ ಮಾಡಾದ್ ಬುಟ್ಟು ರೇಷ್ಮೆಗೂಡು ಕರಗ್ಸಿ ಸ್ಪಂಜು ಮಾಡ್ತಾಳೆ ಕಣಪ್ಪ" ಎಂದು ನಗುತ್ತಿದ್ದ. ಮಾತು ಸುಳ್ಳಲ್ಲ. ಬಿಡದಿ ಹತ್ತಿರದ ಪುಟ್ಟ ಪ್ರಯೋಗಾಲಯದಲ್ಲಿ ಅವಳು ತಯಾರಿಸುತ್ತಿದ್ದುದು ಸುರಿಯುವ ರಕ್ತವನ್ನು ಬೇಗ ನಿಲ್ಲಿಸುವ ಸ್ಪಂಜು. ಬಾಟಲಿಯ ರಕ್ತದಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತ್ತು. ಸಾಕಿದವರು ಒಪ್ಪಿದರೆ ಗಾಯಗೊಂಡ ಪ್ರಾಣಿಗಳಿಗೆ ಹಾಕಿ ನೋಡಲು ಅನುಮತಿಯೂ ಸಿಕ್ಕಿತ್ತು. ಚನ್ನಪಟ್ಟಣದ ಪಶುವೈದ್ಯೆ ದಿಲ್ಶಾದ್ ಅವರಿಗೆ ಕೊಡಲೆಂದು ಒಂದು ಡಬ್ಬಿ ಸ್ಪಂಜಿನ ಬಿಲ್ಲೆ ಹಿಡಿದು ಭಾನುವಾರ ಊರಿಗೆ ಬಂದಿದ್ದಳು.

ರೊಟ್ಟಿ ತಿನ್ನುತ್ತಿದ್ದಾಗ ಹಿತ್ತಿಲಲ್ಲಿ ತಗಡು ಧಡಾರೆಂದಿತು. ಕಂಡಕಂಡವರನ್ನೆಲ್ಲ ಗುಮ್ಮುವ ದೊಡ್ಡಪ್ಪನ ಟಗರು ಅಂದು ಕೊಟ್ಟಿಗೆಯ ತಗಡಿನ ಬಾಗಿಲನ್ನೇ ಗುಮ್ಮಿತ್ತು. ತೂರಿ ಹೊರಬರುವಾಗ ಹರಿದ ತಗಡು ಅದರ ತೊಡೆಯನ್ನು ಆಳವಾಗಿ ಸೀಳಿತ್ತು; ರಕ್ತ ಚಿಮ್ಮುತ್ತಿತ್ತು.

"ಹೋಯ್ತು ಬುಡು ನನ್ ಟಗರು!" ಬೀರಯ್ಯ ಕೊಂಬು ಹಿಡಿದು ಕುಸಿದ.

"ಕಾಫಿಪುಡಿ ತತ್ತೀನಿ ತಡೀರಿ," ದೊಡ್ಡಮ್ಮ ಪುಟ್ಟಗೌರಮ್ಮ ಓಡಿದಳು.

"ಬ್ಯಾಡ ದೊಡ್ಡವ್ವ! ದೊಡ್ಡಪ್ಪ, ನನ್ ಸ್ಪಂಜು ಹಾಕ್ಲಾ? ಇನ್ನೂ ಯಾವ ಪ್ರಾಣಿಗೂ ಹಾಕಿಲ್ಲ."

"ಕೇಳ್ಕಂಡ್ ಕೂತ್ಕಬ್ಯಾಡ, ಹಾಕವ್ವ!"

ಗಾಯದ ಮೇಲಿಟ್ಟ ಮೊದಲ ಬಿಲ್ಲೆ ರಕ್ತದ ರಭಸಕ್ಕೆ ಜಾರಿ ನೆಲಕ್ಕೆ ಬಿತ್ತು. ಅನುಷಾ ಇನ್ನೊಂದನ್ನು ಕೈಗೆತ್ತಿಕೊಂಡಳು. ಬಾಟಲಿಯ ರಕ್ತ ಚಿಮ್ಮುವುದಿಲ್ಲವಲ್ಲ! ದೊಡ್ಡಮ್ಮ ದಿಲ್ಶಾದ್ ಅವರಿಗೆ ಫೋನ್ ಹಚ್ಚಿ, ನಡೆದದ್ದು ಹೇಳಿ, ಅವಳ ಕಿವಿಗೆ ಹಿಡಿದಳು.

"ಮೇಲಿಡಬೇಡ, ಒಳಗೆ ತುರುಕು. ಅದುಮಿ ಹಿಡಿ, ಬಂದೆ!"

ಅನುಷಾ ಬಿಲ್ಲೆಯನ್ನು ಸುರುಳಿ ಸುತ್ತಿ ಒಳಕ್ಕೆ ತುರುಕಿ, ಮೈಭಾರವೆಲ್ಲ ಬಿಟ್ಟು ಅದುಮಿದಳು. ಬೆರಳಿನಡಿ ಸ್ಪಂಜು ಮೆಲ್ಲಗೆ ಉಬ್ಬಿತು. ಚಿಮ್ಮುತ್ತಿದ್ದುದು ಜಿನುಗತೊಡಗಿತು, ಆಮೇಲೆ ಅದೂ ನಿಂತಿತು. ಕೈ ತೆಗೆಯಲು ಮಾತ್ರ ಅವಳಿಗೆ ಧೈರ್ಯ ಬರಲಿಲ್ಲ.

ಸ್ಕೂಟರಿನಲ್ಲಿ ಬಂದ ದಿಲ್ಶಾದ್ ಅವರೇ ಅವಳ ಕೈ ಬಿಡಿಸಿದರು. ಒಂದು ಹನಿಯೂ ಬರಲಿಲ್ಲ. ಇಂಜೆಕ್ಷನ್ ಕೊಟ್ಟು, ರಕ್ತನಾಳ ಕಟ್ಟಿ ಹೊಲಿಗೆ ಹಾಕುತ್ತ ಕೇಳಿದರು, "ನಿಂತದ್ದು ಸ್ಪಂಜಿನಿಂದಲೋ, ನಿನ್ನ ಕೈಯಿಂದಲೋ?"

"ಗೊತ್ತಿಲ್ಲ ಮೇಡಂ. ಆದ್ರೆ ಬಿಲ್ಲೆ ಆಗಿದ್ರೆ ಆಗಲ್ಲ. ಬೆರಳಿನಂಗೆ ಉದ್ದ ಇರ್ಬೇಕು, ನೆಟ್ಟಗೆ ಒಳಕ್ಕೇ ಹೋಗ್ಬೇಕು."

"ಇನ್ನೂ ಎಷ್ಟೋ ಪ್ರಾಣಿಗಳಲ್ಲಿ ನೋಡಬೇಕು," ಎಂದು ದಿಲ್ಶಾದ್ ಕೊಟ್ಟಿಗೆಯ ಕುರಿಗಳತ್ತ ಕಣ್ಣು ಹಾಯಿಸಿದರು.

"ಯಾರ್ ಕುರಿಗೆ ಏಟಾದ್ರೂ ನಾನೇ ಫೋನ್ ಮಾಡ್ತೀನಿ ಡಾಕ್ಟ್ರಮ್ಮ," ಎಂದ ಬೀರಯ್ಯ. "ನನ್ ಕುರಿ ಕಡೆ ಮಾತ್ರ ಹಂಗ್ ನೋಡ್ಬ್ಯಾಡಿ!"

ಸಂಜೆ ಹೊತ್ತಿಗೆ ಟಗರು ತೂರಾಡುತ್ತ ಎದ್ದು ನಿಂತಿತು. ಹತ್ತಿರ ಬಂದ ಅನುಷಾಳನ್ನು ಮೂಸಿ, ಇದ್ದಷ್ಟು ಬಲ ಕೂಡಿಸಿ ಗುಮ್ಮಿತು. ಅವಳು ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೆ ಅಂಗಾತ ಬಿದ್ದಳು.

"ಬದುಕ್ಕಂತು ಕಣೇ!" ಬೀರಯ್ಯ ಹೆಂಡತಿಯನ್ನು ಕೂಗಿದ.

ಮರುದಿನ ಬಿಡದಿಗೆ ಹೊರಟವಳು ಚನ್ನಪಟ್ಟಣದಲ್ಲಿ ಇಳಿದು, ಮರದ ಗೊಂಬೆ ಮಾಡುವ ನಿಯಾಜ್ ಅಂಗಡಿಗೆ ಹೋದಳು. ಸ್ಪಂಜು ಎರೆಯುವ ಹೊಸ ಅಚ್ಚಿಗೆ ಮರದ ಮಾದರಿ ಬೇಕಿತ್ತು. ಅವಳು ಬರೆದು ತೋರಿಸಿದ ಆಕಾರ ನೋಡಿ ಅವನು ತಲೆ ಕೆರೆದುಕೊಂಡ.

"ಇದ್ಯಾವ ಗೊಂಬೆ ಬೆರಳಮ್ಮ?"

"ಕೂತ್ಕಳಿ ಅಣ್ಣ, ಹೇಳ್ತೀನಿ," ಎಂದು ಅನುಷಾ ಸ್ಟೂಲು ಎಳೆದುಕೊಂಡಳು.