ದೊರೆಸಾನಿ ಕಂಡ ಶನಿವಾರ

ಅರಾಲಿಯವರ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಮೂವತ್ತೊಂದು ವರ್ಷ ಕಿಬಾಲೆ ಕಾಡಿನಲ್ಲಿ ಬಂದವರಿಗೆಲ್ಲ ಚಿಟ್ಟೆ ತೋರಿಸಿ ಹೆಸರು ಹೇಳಿದ ಮನುಷ್ಯ. ಈಗ ಹತ್ತು ಹೆಜ್ಜೆ ಆಚೆ ಕೂತ ಚಿಟ್ಟೆ ಅವರಿಗೆ ಬರೀ ಬಣ್ಣದ ಕಲೆ. ಆದರೂ ತಿಂಗಳ ಎರಡನೇ ಶನಿವಾರ ನಾವು ಚಿಟ್ಟೆ ಎಣಿಕೆಗೆ ಹೊರಟರೆ, ನಮಗಿಂತ ಮೊದಲೇ ಬಂದು ಬಾಡಿಗೆಯ ಬೋಡಾ ಬೈಕುಗಳ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು.

ನಾವು ಅಂದರೆ ಮೂರೇ ಜನ. ಅವರು, ನಾನು, ಜೀವಶಾಸ್ತ್ರದ ಮೇಷ್ಟ್ರು ಬಮುತುರಾಕಿ. ನಮ್ಮ ತೋರೋ ಸೀಮೆಯಲ್ಲಿ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಹುಟ್ಟಿದಾಗ ಇಡುವ ಮುದ್ದಿನ ಹೆಸರೇ ಕೊನೆತನಕ. ಹಾಗಾಗಿ ಮೇಷ್ಟ್ರು ಅಬ್ವೋಲಿ, ನಾನು ಅಡ್ಯೇರಿ. ನನಗೆ ಫೋರ್ಟ್ ಪೋರ್ಟಲ್ ಪೇಟೆಯಲ್ಲಿ ಹೊಲಿಗೆ ಅಂಗಡಿ ಇದೆ. ನಾಲ್ಕು ವರ್ಷದ ಕೆಳಗೆ ಅರಾಲಿಯವರು ಹರಿದ ಜೇಬು ಹೊಲಿಸಲು ಬಂದವರು, ಕಾಯುತ್ತ ಕೂತಾಗ ಎರಡು ಚಿಟ್ಟೆಗಳ ಚಿತ್ರ ಮುಂದಿಟ್ಟು, "ಇವೆರಡೂ ಒಂದೇನಾ?" ಎಂದು ಕೇಳಿದ್ದರು. ನಾನು ಸೂಜಿ ಬಾಯಲ್ಲಿಟ್ಟುಕೊಂಡೇ, "ಅಂಚು ಬೇರೆ, ಕಂದು ಬಣ್ಣಾನೂ ಬೇರೆ ಥಾನಿಂದು" ಅಂದೆ. "ನಿನ್ನ ಕಣ್ಣು ಬಟ್ಟೆ ನೋಡಿ ದಂಡ ಆಗ್ತಿದೆ" ಅಂದರು. ಮುಂದಿನ ಶನಿವಾರ ನಾನು ಅಂಗಡಿ ಮುಚ್ಚಿ ಅವರ ಹಿಂದೆ ಹೊರಟಿದ್ದೆ.

ಆ ದಿನ ಮಳೆ ನಿಂತು ಚೆನ್ನಾಗಿ ಬಿಸಿಲು ಬಿದ್ದಿತ್ತು. ಹತ್ತು ಗಂಟೆಗೆ ನಲವತ್ತೊಂದು ಬಗೆ ಬರೆದಾಗಿತ್ತು. ಅಬ್ವೋಲಿ ಚಿಟ್ಟೆಗಳನ್ನು ಸೆಳೆಯಲು ಕೊಳೆತ ಬಾಳೆಹಣ್ಣಿಗೆ ಬಾಳೆಯ ಹೆಂಡ ಸುರಿದು ಮರಕ್ಕೆ ನೇತುಹಾಕಲು ಹೋಗಿ ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡಿದ್ದ.

"ಮನೇಲಿ ಏನು ಹೇಳ್ತೀಯೋ?" ಎಂದು ಅರಾಲಿ ಕೇಳಿದರು. "ಕುಡಿದಿದ್ದು ನಾನಲ್ಲ ಕಣೇ, ಚಿಟ್ಟೆ ಅಂತಲಾ?"

"ನೀವು ಸಾಕ್ಷಿ ಹೇಳಿ."

"ನನಗೇನು ಕಾಣ್ಸುತ್ತೆ ಅಂತ ಸಾಕ್ಷಿ ಹೇಳಲಿ?"

ನಗುತ್ತಲೇ ಹಳೇ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ಕೆರೆಯ ಅಂಚಿಗೆ ಬಂದೆವು. ಅಲ್ಲಿ ದಾರಿ ಮೇಲಿದೆ, ಕಾಡು ಕಡಿದಾಗಿ ಕೆಳಕ್ಕೆ ಇಳಿಯುತ್ತದೆ. ನಲವತ್ತು ಮೀಟರ್ ಎತ್ತರದ ಮರಗಳ ನೆತ್ತಿಗಳು ನಮ್ಮ ಎದೆಯ ಮಟ್ಟಕ್ಕೆ ಬರುತ್ತವೆ. ಒಂದು ಮರ ಮೈತುಂಬ ಬಿಳಿ ಹೂ ಬಿಟ್ಟಿತ್ತು. ದುರ್ಬೀನು ಹಾಕಿದೆ. ಜೇನುನೊಣ, ಸಣ್ಣ ನೀಲಿ ಚಿಟ್ಟೆಗಳು, ಆಮೇಲೆ ಒಂದು ಇಟ್ಟಿಗೆ ಬಣ್ಣದ್ದು, ಕಪ್ಪು ಚುಕ್ಕೆಗಳದ್ದು.

"ಒಂದು ಅಕ್ರಿಯಾ" ಅಂದೆ. ಅಕ್ರಿಯಾ ಅಂದರೆ ಹಕ್ಕಿಯೂ ಮುಟ್ಟದ ಕಹಿ ಚಿಟ್ಟೆ, ಬೇಲಿಬೇಲಿಗೂ ಕಾಣುವಂಥದ್ದು. ಅಬ್ವೋಲಿ ಪಟ್ಟಿಯಲ್ಲಿ ಗೀಟು ಹಾಕಲು ಪೆನ್ನು ತೆಗೆದ.

ನನಗೆ ಮಾತ್ರ ಏನೋ ಕೊರೆಯಿತು. "ಬರೀಬೇಡ, ತಾಳು. ಇದು ನೆಟ್ಟಗೆ ಕೂರ್ತಾ ಇಲ್ಲ. ಹೂವಿಗೆ ಬಾಯಿಟ್ಟಿದೆ, ಆದ್ರೂ ರೆಕ್ಕೆ ಪಟಪಟ ಅಂತಾನೇ ಇದೆ."

ಅರಾಲಿಯವರು ಕೋಲನ್ನು ನೆಲಕ್ಕೆ ಊರಿ ನಿಂತರು. "ಇನ್ನೊಂದ್ಸಲ ಹೇಳು."

ಹೇಳಿದೆ.

"ಅಕ್ರಿಯಾ ಹೂವಿನ ಮೇಲೆ ಸೋಂಬೇರಿ ಹಾಗೆ ಕೂರುತ್ತೆ. ಕುಡಿಯುವಾಗಲೂ ರೆಕ್ಕೆ ಬಡಿಯೋದು ಬಾಲದ ಚಿಟ್ಟೆಗಳ ಜಾತಿ. ಬಾಲ ಇದೆಯಾ?"

"ಇಲ್ಲ."

"ದೊಡ್ಡದಾ?"

"ದೂರ ಇದೆ, ಹೇಗೆ ಹೇಳ್ಲಿ?"

"ಬಟ್ಟೆ ಅಳೆಯೋಳು ನೀನು. ನನ್ನನ್ನ ಕೇಳ್ತೀಯಲ್ಲ."

ಮುಂದಿನ ರೆಕ್ಕೆ ಪಕ್ಕದ ಎಲೆಗಿಂತ ತುಸು ಚಿಕ್ಕದಿತ್ತು. ಅದೇ ಮರದ ಎಲೆಗಳು ದಾರಿಯ ಮೇಲೂ ಉದುರಿದ್ದವು. ದುರ್ಬೀನನ್ನು ಅಬ್ವೋಲಿಯ ಕೈಗೆ ತುರುಕಿ, "ಕಣ್ಣು ತೆಗೀಬೇಡ" ಎಂದು ಹೇಳಿ, ನಾಲ್ಕೈದು ಎಲೆ ಆರಿಸಿ ಕುತ್ತಿಗೆಯ ಟೇಪಿನಿಂದ ಅಳೆದೆ. ಎಲ್ಲವೂ ಎಂಟು ಸೆಂಟಿಮೀಟರಿನ ಆಸುಪಾಸು.

"ಒಂದು ರೆಕ್ಕೆ ಏಳೂವರೆ" ಅಂದೆ.

ಅತಿ ದೊಡ್ಡ ಅಕ್ರಿಯಾದ ರೆಕ್ಕೆಯೂ ಐದು ದಾಟುವುದಿಲ್ಲವೆಂದು ನನಗೆ ಕಲಿಸಿದವರೇ ಅರಾಲಿಯವರು. ಈಗ ಮೆಲ್ಲಗೆ ಕೇಳಿದರು: "ರೆಕ್ಕೆ ತುದಿ ಹೇಗಿದೆ? ಕತ್ತಿ ಹಾಗೆ ಉದ್ದವಾ, ದುಂಡಗಾ?"

ದುರ್ಬೀನು ವಾಪಸು ಇಸಕೊಂಡು ನೋಡಿದೆ. "ದುಂಡಗಿದೆ. ಉದ್ದ ಇಲ್ಲ."

"ಅಬ್ವೋಲಿ, ಫೋಟೋ ತೆಗಿ. ಈಗಲೇ."

"ಯಾಕೆ, ಅದೇನು?" ಎಂದ ಅಬ್ವೋಲಿ. ಹಾಗೆ ಕೇಳಿದನಾದರೂ ಅವನ ಕೈ ಆಗಲೇ ಕ್ಯಾಮೆರಾದ ಮೇಲಿತ್ತು.

ನಮ್ಮ ಕಾಡಿನಲ್ಲಿ ಆಂಟಿಮಾಕಸ್ ಎಂಬ ದೈತ್ಯ ಚಿಟ್ಟೆ ಇದೆ, ಬಾಲದ ಚಿಟ್ಟೆಗಳ ಜಾತಿಯದಾದರೂ ಬಾಲವಿಲ್ಲ, ಬಣ್ಣ ಅಕ್ರಿಯಾದ ಹಾಗೆ. ಅರಾಲಿಯವರ ಬಾಯಲ್ಲಿ ಅದು 'ದೊರೆ'. ಕತ್ತಿಯಂಥ ಉದ್ದ ರೆಕ್ಕೆಯ ಗಂಡು ಚಿಟ್ಟೆಗಳು ಹೊಳೆಯ ಒದ್ದೆ ಮರಳಿಗೆ ಇಳಿಯುತ್ತವೆ. ಒಂದು ಗೇಣು ಚಾಚಿದರೂ ರೆಕ್ಕೆಯ ಅಗಲಕ್ಕೆ ಸಾಲದು. ಅವರು ಹದಿನೆಂಟು ಸಲ ನೋಡಿದ್ದರು. ದುಂಡು ರೆಕ್ಕೆಯ, ಗಂಡಿಗಿಂತ ಚಿಕ್ಕ ಹೆಣ್ಣು ಮರದ ನೆತ್ತಿ ಬಿಟ್ಟು ಕೆಳಗೆ ಬರುವುದು ಬಹಳ ಅಪರೂಪ. ಅದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

"ದೊರೆಸಾನಿ" ಅಂದರು. ಅಷ್ಟೇ.

ಅಬ್ವೋಲಿ ಕ್ಯಾಮೆರಾ ಎತ್ತಿ ಕ್ಲಿಕ್ಕಿಸುತ್ತಲೇ ಇದ್ದ. ನಾನು ದುರ್ಬೀನನ್ನು ಅರಾಲಿಯವರ ಕಣ್ಣಿಗೆ ಹಿಡಿದೆ. ಅವರು ಒಂದು ಗಳಿಗೆ ನೋಡಿ ಪಕ್ಕಕ್ಕೆ ಸರಿಸಿದರು.

"ಬಿಳಿ ಮಬ್ಬು ಬಿಟ್ರೆ ಏನೂ ಇಲ್ಲ. ನೀನು ನೋಡು. ನೋಡಿದ್ದನ್ನ ಬಾಯಲ್ಲಿ ಹೇಳ್ತಾ ಹೋಗು, ಒಂದು ಚುಕ್ಕೆ ಬಿಡಬೇಡ."

ಹೇಳಿದೆ. ಬುಡದ ಕಪ್ಪು, ನಡುವಿನ ಇಟ್ಟಿಗೆಗೆಂಪು, ತುದಿಯ ಹತ್ತಿರ ತೆಳು ಹಳದಿ, ಹಿಂದಿನ ರೆಕ್ಕೆಯಲ್ಲಿ ಗುಂಡಿ ಹೊಲಿದ ಹಾಗೆ ಚುಕ್ಕೆಗಳು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ತುಟಿ ನನ್ನ ಮಾತಿನ ಹಿಂದೆಯೇ ಅಲುಗುತ್ತಿತ್ತು.

ಅಷ್ಟರಲ್ಲಿ ಕೆರೆಯ ಕಡೆಯಿಂದ ಏನೋ ಮೇಲೆದ್ದು ಬಂತು. ನಾನು ಹಕ್ಕಿ ಅಂದುಕೊಂಡೆ. ಒಂದೆರಡು ಸಲ ರೆಕ್ಕೆ ಬಡಿದು, ಆಮೇಲೆ ಅಲುಗಾಡದೆ ತೇಲುತ್ತ ಹೂಬಿಟ್ಟ ಮರವನ್ನು ಸುತ್ತಿತು. ದೊರೆಸಾನಿ ಹೂ ಬಿಟ್ಟು ಎದ್ದಳು. ಬಂದದ್ದು ಹಕ್ಕಿಯಲ್ಲ, ದೊರೆ; ಅವನು ಬೆನ್ನು ಹತ್ತಿದ. ಎರಡೂ ಒಂದರ ಹಿಂದೊಂದು ನಮ್ಮ ತಲೆಯ ಮೇಲಿಂದ, ಕೋಲೆತ್ತಿದರೆ ತಾಗುವಷ್ಟು ಕೆಳಗೆ, ದಾರಿ ದಾಟಿದವು.

ಅರಾಲಿಯವರು ತಲೆ ಎತ್ತಿ ನಿಂತಿದ್ದರು. ಚಿಟ್ಟೆಗಳ ಹಿಂದೆ ಬರೀ ಬಯಲು ಆಕಾಶ, ಪೊರೆ ಬಂದ ಕಣ್ಣಿಗೂ ಎರಡು ಕಲೆ ಬೇರೆಬೇರೆ ಕಾಣುವಷ್ಟು.

"ಎರಡು" ಅಂದರು. "ಹಿಂದಿಂದು ತೇಲ್ತು, ಅವನು ದೊರೆ. ಮುಂದಿಂದು ಚಿಕ್ಕದು. ಅವಳು ತೇಲಲಿಲ್ಲ, ಬಡೀತಾನೇ ಹೋದಳು. ಹೌದು ತಾನೇ?"

"ಹೌದು" ಅಂದೆ.

"ಕಂಡೆ" ಎಂದು ಅವರು ರಸ್ತೆಯ ಮೇಲೆಯೇ ಕೂತುಬಿಟ್ಟರು. ಅಬ್ವೋಲಿ ಹೆಂಡ ಮೆತ್ತಿದ ಅಂಗಿಯಲ್ಲೇ ಅವರನ್ನು ತಬ್ಬಿಕೊಂಡ. ಅವರು ಬೇಡ ಅನ್ನಲಿಲ್ಲ.

ಹಾಳೆಯಲ್ಲಿ ಕಂಡವರ ಹೆಸರು ಬರೆಯುವಾಗ ಜಗಳವಾಯಿತು. ನಾನು ಅರಾಲಿಯವರ ಹೆಸರು ಬರೆಸಬೇಕೆಂದೆ, ಗುರುತು ಹಿಡಿದವರು ಅವರು. ಅವರು ಒಪ್ಪಲಿಲ್ಲ. "ನಾನು ಕೇಳಿದ್ದು, ಇವಳು ನೋಡಿದ್ದು" ಎಂದು ಪಟ್ಟು ಹಿಡಿದರು. ಕೊನೆಗೆ ಅಬ್ವೋಲಿ ಎರಡೂ ಹೆಸರು ಬರೆದು, ಕೆಳಗೆ ತನ್ನದನ್ನೂ ಸಣ್ಣಕ್ಷರದಲ್ಲಿ ಸೇರಿಸಿಕೊಂಡ.

ಮನೆಗೆ ಬಂದು ನೋಡಿದರೆ ಅರವತ್ತು ಫೋಟೋಗಳಲ್ಲಿ ಐವತ್ತೆಂಟು ಬರೀ ಎಲೆ. ಒಂದರಲ್ಲಿ ಒಂದು ರೆಕ್ಕೆ, ಇನ್ನೊಂದರಲ್ಲಿ ಮುಕ್ಕಾಲು ಚಿಟ್ಟೆ. ಅವೆರಡನ್ನು, ನನ್ನ ಎಂಟು ಸೆಂಟಿಮೀಟರ್ ಎಲೆಯನ್ನು, ಅರಾಲಿಯವರ ಪ್ರಶ್ನೆಗೆ ನಾನು ಕೊಟ್ಟ ಉತ್ತರಗಳನ್ನು ಸೇರಿಸಿ ದೂರದ ತಜ್ಞರೊಬ್ಬರಿಗೆ ಕಳಿಸಿದೆವು. ಮೂರು ವಾರಕ್ಕೆ ಉತ್ತರ ಬಂತು: ಹೆಣ್ಣು, ಸಂಶಯವಿಲ್ಲ, ಎಲೆ ಅಳೆದವರು ಯಾರು?

ಕಾಗದ ಓದಿ ಹೇಳೋಣವೆಂದು ಅರಾಲಿಯವರ ಮನೆಗೆ ಓಡಿದೆ. ಅಂಗಳದಲ್ಲಿ ನೆರೆಯವರು ಐದಾರು ಜನ ಕೂತು ಸುಟ್ಟ ಬಾಳೆಕಾಯಿ ತಿನ್ನುತ್ತಿದ್ದರು. ಅರಾಲಿಯವರು ಅವರಿಗೆ ದೊರೆಸಾನಿಯ ಕಥೆ ಹೇಳುತ್ತ ಆಗಲೇ ಹಿಂದಿನ ರೆಕ್ಕೆಯ ಚುಕ್ಕೆಗಳ ತನಕ ಬಂದಿದ್ದರು.

"ಅಡ್ಯೇರಿ, ಸರಿಯಾದ ಹೊತ್ತಿಗೆ ಬಂದೆ" ಅಂದರು. "ಚುಕ್ಕೆ ಒಂಬತ್ತಾ, ಹತ್ತಾ? ಇವರು ನಂಬ್ತಾ ಇಲ್ಲ."