ಙ ಅಕ್ಷರದ ಖಾನೆ

ಮೊಣಕೈ ಮಡಿಕೆಯಲ್ಲಿ ಸ್ಪಿರಿಟ್ಟಿನ ತಂಪು, ಮುಷ್ಟಿ ಬಿಗಿ ಮಾಡಿ ಅಮ್ಮ ಅನ್ನುತ್ತಾಳೆ ನರ್ಸ್, ಮಾಡಿದ್ದೀನಮ್ಮ, ಇಪ್ಪತ್ತು ವರ್ಷದಿಂದ ಬಿಗಿ ಮಾಡುತ್ತಲೇ ಇದ್ದೇನೆ, ರಕ್ತ ಕೊಳವೆಯೊಳಗೆ ಏರುತ್ತದೆ, ಕೆಂಪು ಶಾಯಿಗೆ ಇವರು ಒಂದು ಚೂರು ಕಪ್ಪು ಬೆರೆಸುತ್ತಿದ್ದರಲ್ಲ, ಥೇಟ್ ಅದೇ ಬಣ್ಣ, ಇವರು ಅಂದರೆ ನನ್ನ ಗಂಡ, ಎರಡು ಕೋಣೆಯ ಪ್ರೆಸ್ಸು ನಮ್ಮದು, ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಮಷಿನ್ನು, ಇವರು, ಹಿಂದಿನದರಲ್ಲಿ ಸ್ಟೂಲಿನ ಮೇಲೆ ನಾನು, ಅಚ್ಚಿನ ಮೊಳೆ ಜೋಡಿಸುತ್ತ, ಅಕ್ಷರಕ್ಕೊಂದು ಖಾನೆ, ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ್ದೇ ಸಿಗುತ್ತಿತ್ತು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ, ಅದಕ್ಕೇ ನನಗೆ ಅಲ್ಪವಿರಾಮ ಅಂತ ಹೆಸರಿಟ್ಟಿದ್ದರು, ಲೇ ಅಲ್ಪವಿರಾಮ, ಪೂರ್ಣವಿರಾಮ ಅನ್ನೋದು ನಿನ್ನ ಪೆಟ್ಟಿಗೇಲಿ ಇಲ್ವೇ ಇಲ್ವಾ, ಮುಗಿದುಹೋಗಿದೆ ಕಣ್ರೀ, ತರಿಸಿ, ಮಷಿನ್ನಿನ ಸದ್ದಿನ ಮೇಲೆ ಇವರ ನಗು — ಆ ನಗು ಕೆಮ್ಮಾಗಿದ್ದು ಯಾವಾಗ, ಅಂಗಿ ಹೆಗಲಿನಿಂದ ಜಾರತೊಡಗಿದ್ದು ಯಾವಾಗ, ನಾಲಿಗೆಯ ಮೇಲೆ ಬಿಳಿ ಪೊರೆ, ಹೊಟ್ಟೆ ಉಷ್ಣ ಅಷ್ಟೇ ಅಂದರು, ನಂಬಿದೆ, ಯಾಕೆ ನಂಬಬಾರದು.

ಒಬ್ಬ ಮೇಷ್ಟ್ರು ಪುಸ್ತಕ ಅಚ್ಚಿಗೆ ತಂದರು, ಮುನ್ನುಡಿಯ ಎರಡನೆಯ ಸಾಲಲ್ಲೇ ವಾಙ್ಮಯ, ಅಯ್ಯೋ ದೇವರೇ, ಸಾಹಿತ್ಯ ಅಂದಿದ್ದರೆ ಗಂಟೇನು ಹೋಗುತ್ತಿತ್ತು, ವರ್ಷಕ್ಕೊಮ್ಮೆಯೂ ಮುಟ್ಟದ ಙ ಖಾನೆಗೆ ಕೈ ಹಾಕಿದರೆ ಮೊಳೆಗಳ ಅಡಿಯಲ್ಲಿ ನಾಲ್ಕು ಮಡಿಕೆಯ ಕಾಗದ, ಇವರ ಹೆಸರು, ಆಸ್ಪತ್ರೆಯ ಮೊಹರು, ಹನ್ನೊಂದು ತಿಂಗಳ ಹಿಂದಿನ ತಾರೀಖು, ಎಚ್ಐವಿ ಇದೆ ಅಂತ. ಕಾಗದ ಹಿಡಿದು ಮುಂದಿನ ಕೋಣೆಗೆ ಹೋದೆ, ಮಷಿನ್ನು ನಿಂತಿತು, ಮದುವೆಗೆ ಮುಂಚಿನದು ಕಣೇ, ಇಷ್ಟು ವರ್ಷ ಒಳಗೇ ಇತ್ತಂತೆ, ನಿನಗೆ ಹೇಳೋಕೆ ಬಾಯೇ ಬರಲಿಲ್ಲ, ಹನ್ನೊಂದು ತಿಂಗಳು ಬರಲಿಲ್ವಾ ಅಂದೆ, ಅದೇ ಕೊನೆ, ಮಾರನೆಯ ವಾರ ನನ್ನ ರಕ್ತದಲ್ಲೂ ಇದೆ ಅಂತಾಯಿತು, ಆ ಮಾತಿನಿಂದಾಚೆ ನಲವತ್ತು ದಿನ ಇವರ ಜೊತೆ ಒಂದು ಮಾತೂ ಆಡಲಿಲ್ಲ ನಾನು, ಗಂಜಿ ಕೊಟ್ಟೆ, ಬಟ್ಟೆ ಒಗೆದೆ, ಬೆನ್ನು ಒರೆಸಿದೆ, ತುಟಿ ಮಾತ್ರ ಬಿಚ್ಚಲಿಲ್ಲ.

ಡಾಕ್ಟರಮ್ಮ ನನ್ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು, ಅದು ತಾನಾಗಿ ಬೆಳೆಯಲಾರದ ಜೀವ, ರಕ್ತದಲ್ಲಿ ಕಾವಲಿನ ಕಣಗಳಿರ್ತವೆ, ಅವುಗಳ ಮೈಗೆ ಅಂಟಿಕೊಂಡು ಒಳಗೆ ನುಗ್ಗುತ್ತೆ, ನಿಮ್ಮ ಪ್ರೆಸ್ಸೇ ಅಂದ್ಕೊಳ್ಳಿ, ಯಾವನೋ ಬಂದು ತನ್ನ ಪುಟಾನ ನಿಮ್ಮ ಪುಟಗಳ ಮಧ್ಯೆ ಸೇರಿಸಿಬಿಟ್ಟ, ಮಷಿನ್ನಿಗೇನು ಗೊತ್ತು, ಅವನದ್ದನ್ನೇ ಸಾವಿರ ಸಾವಿರ ಅಚ್ಚು ಹಾಕುತ್ತೆ, ಆ ಪ್ರತಿಗಳು ಹೊರಗೆ ಬಂದು ಬೇರೆ ಕಣಗಳನ್ನ ಹಿಡೀತವೆ, ಹಿಡಿಸಿಕೊಂಡವು ಸಾಯ್ತಾ ಹೋಗ್ತವೆ. ಒಳಗೆ ಪ್ರೂಫ್ ನೋಡೋರು ಯಾರೂ ಇಲ್ವಾ ಮೇಡಂ ಅಂದೆ. ಇದ್ದಾರೆ, ಅದು ಹಿಡಿಯೋದೇ ಅವರನ್ನ, ಅಂದರು. ಐನೂರಕ್ಕೆ ಮೇಲಿರಬೇಕಾದ ಕಣ ಇವರಲ್ಲಿ ನಲವತ್ತೊಂದಿತ್ತು, ಅದಕ್ಕೇ ಬಾಯಲ್ಲಿ ಬಿಳಿ, ಅದಕ್ಕೇ ಕ್ಷಯ, ಬೇರೆಯವರ ಮೈ ಕೊಡವಿ ಎಸೆಯುವಂಥದ್ದೆಲ್ಲ ಇವರ ಮೈಯಲ್ಲಿ ಮನೆ ಮಾಡಿತ್ತು.

ಹತ್ತಿ ಒತ್ತಿ ಹಿಡ್ಕೊಳ್ಳಿ ಅಮ್ಮ ಅನ್ನುತ್ತಾಳೆ ನರ್ಸ್, ಹೋದ ಸಲ ಕಣ ಆರುನೂರ ಎಂಬತ್ತಿತ್ತು, ವೈರಸ್ಸು ಲೆಕ್ಕಕ್ಕೇ ಸಿಕ್ಕಿಲ್ಲ, ಚೆನ್ನಾಗಿದ್ದೀರ, ಚೆನ್ನಾಗಿದ್ದೇನೆ, ಆದರೂ ಕೆಲವು ಕಣಗಳೊಳಗೆ ಅದು ಮಲಗಿರುತ್ತದಂತೆ, ಮಾತ್ರೆ ಬಿಟ್ಟರೆ ಏಳುತ್ತದಂತೆ, ಮಾತ್ರೆ ಈ ಆಸ್ಪತ್ರೆಗೆ ಬಂದದ್ದು ಇವರು ಹೋದ ಏಳು ತಿಂಗಳಿಗೆ, ಏಳೇ ತಿಂಗಳು, ರಕ್ತ ಕೊಟ್ಟು ಈ ಬೆಂಚಿನ ಮೇಲೆ ಕೂತಾಗಲೆಲ್ಲ ಆ ಮಧ್ಯಾಹ್ನವೇ ಬರುತ್ತದೆ, ನಲವತ್ತನೆಯ ದಿನ, ಇವರು ಮಲಗಿದ್ದ ವಾರ್ಡಿನ ಕಿಟಕಿಯ ಬಿಸಿಲು, ಉಗುರು ಬೆಳೆದಿವೆ ಕಣೇ ಅಂದರು, ಉತ್ತರ ಕೊಡದೆ ಕೈ ಎಳೆದು ಮಡಿಲಲ್ಲಿಟ್ಟುಕೊಂಡೆ, ಎಷ್ಟು ಹಗುರ, ಉಗುರಿನ ಸಂದಿಯಲ್ಲಿ ಇನ್ನೂ ಶಾಯಿ, ಒಂದೊಂದೇ ಕತ್ತರಿಸಿದೆ, ಇವರು ನನ್ನ ಮುಖವನ್ನೇ ನೋಡುತ್ತಿದ್ದರು, ಒಂದು ಮಾತಿಗೆ, ಬೈಗುಳವಾದರೂ ಸರಿ ಅನ್ನುವ ಹಾಗೆ, ಒಂಬತ್ತು ಬೆರಳಾಯಿತು, ಕೆಮ್ಮು ಬಂತು, ಉಸಿರು ಸಿಕ್ಕಿಕೊಂಡಿತು, ನರ್ಸುಗಳು ಓಡಿಬಂದು ನನ್ನನ್ನು ಪಕ್ಕಕ್ಕೆ ಸರಿಸಿದರು, ನಾನು ಆಗ ಮಾತಾಡಿದೆ, ಏನೇನೋ, ಬೇಕಾದಷ್ಟು, ಇವರಿಗೆ ಕೇಳಿಸಿತೋ ಇಲ್ಲವೋ, ಮಂಚದ ಅಂಚಿನಿಂದ ಎಡಗೈ ಜೋತುಬಿದ್ದಿತ್ತು, ಕಿರುಬೆರಳು, ಅದರ ತುದಿಯಲ್ಲಿ ಕತ್ತರಿಸದೆ ಉಳಿದ ಉಗುರು, ಉದ್ದಕ್ಕೆ, ಕಪ್ಪಗೆ, ಆ ಉಗುರು