ನೀಲಿ ಮುಚ್ಚಳ

ಕಿಟಕಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೆರೆಯಲೇಬೇಕಂತೆ, ಎಷ್ಟೇ ಚಳಿಯಿರಲಿ, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದಂತೆ — ವಿಶ್ವವಿದ್ಯಾಲಯದ ಸ್ವಾಗತದ ಹೆಂಗಸು ಪರದೆಯ ಮೇಲೆ ಕಪ್ಪಾದ ಗೋಡೆಯ ಮೂಲೆಯೊಂದನ್ನು ತೋರಿಸುತ್ತಿದ್ದಾಳೆ, ಹೊರದೇಶಗಳಿಂದ ಬಂದ ಸಂಶೋಧಕರೆಲ್ಲ ಹೆಣ್ಣು ನೋಡಲು ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ, ಅವರ ನಡುವೆ ಅವಳೂ ಕೂತಿದ್ದಾಳೆ, ಬಾಗಿಲಿಗೆ ಹತ್ತಿರದ ಕುರ್ಚಿ, ಕೋಟು ಬಿಚ್ಚಿಲ್ಲ, ಬಿಚ್ಚಿದರೆ ಮತ್ತೆ ಹಾಕಿಕೊಳ್ಳುವಷ್ಟು ಹೊತ್ತು ಇವತ್ತು ಅವಳ ಹತ್ತಿರ ಇಲ್ಲ, ಎಡಜೇಬಿನಲ್ಲಿ ಫೋನು, ಫೋನಿನ ಮೇಲೆ ಕೈ, ಅದು ನಡುಗಿದರೆ ಎದ್ದು ಓಡಬೇಕು, ರಸ್ತೆ ದಾಟಿದರೆ ಮಕ್ಕಳ ಮನೆ, ಅಲ್ಲಿ ಮಗಳು ಚೋಟಿ. ಇನ್ನೂ ನಡುಗಿಲ್ಲ. ಅಂದರೆ ಅಳುತ್ತಿಲ್ಲ, ಅಥವಾ ಅಳುತ್ತಿದ್ದಾಳೆ ಆದರೆ ಫೋನು ಮಾಡುವಷ್ಟು ಅಲ್ಲ, ಅದಕ್ಕೂ ಇವರಲ್ಲಿ ಒಂದು ಅಳತೆ ಇರಬೇಕು, ಎಲ್ಲದಕ್ಕೂ ಇದೆ — ಅಲ್ಲ, ಚೋಟಿ ಅಳುವುದನ್ನು ಈ ಊರಿಗೆ ಬಂದ ಮೇಲೆ ಅವಳು ಕೇಳಿಯೇ ಇಲ್ಲ, ಅಳುವೂ ಇಲ್ಲ ಮಾತೂ ಇಲ್ಲ, ನಾಲ್ಕು ವರ್ಷದ ಮಗು, ಅಲ್ಲಿ ಅಜ್ಜಿಯ ಹತ್ತಿರ ಇದ್ದಾಗ ಬಾಯಿಗೆ ಬೀಗ ಹಾಕಮ್ಮ ಅನ್ನಿಸಿಕೊಳ್ಳುತ್ತಿದ್ದವಳು, ಈಗ ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಾಳೆ, ಮೊದಮೊದಲು ಹೀಗೇ, ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ ಎಂದು ಈ ಸ್ವಾಗತದ ಹೆಂಗಸೇ ಮೊದಲ ದಿನ ಬಿಸ್ಕತ್ತು ಕೊಟ್ಟು ಹೇಳಿದ್ದಳು, ಬಿಸ್ಕತ್ತು ತಗೊಳ್ಳಲು ಚೋಟಿಗೆ ಒಂದೇ ಕೈ ಖಾಲಿ ಇತ್ತು, ಇನ್ನೊಂದರ ಮುಷ್ಟಿಯಲ್ಲಿ ನೀರಿನ ಬಾಟಲಿಯ ಮುಚ್ಚಳ. ಆ ನೀಲಿ ಮುಚ್ಚಳ ಕಂಡರೆ ಅವಳು ಬೇರೆ ಕಡೆ ನೋಡುತ್ತಾಳೆ.

ಈಗ ಕಸ. ಗಾಜು ಬೇರೆ, ಕಾಗದ ಬೇರೆ, ಅಡಿಗೆಮನೆಯದು ಬೇರೆ, ತಪ್ಪಿ ಹಾಕಿದರೆ ನೆರೆಯವರು ಬಾಗಿಲು ತಟ್ಟುತ್ತಾರಂತೆ, ಸದ್ಯ, ಅದಕ್ಕಾದರೂ ಯಾರೋ ಒಬ್ಬರು ಬಾಗಿಲು ತಟ್ಟುತ್ತಾರಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಈ ಸಭೆಗೆ ಕೊನೆಯವರೆಗೆ ಕೂತವರಿಗೇ ಗುರುತಿನ ಕಾರ್ಡು, ಕಾರ್ಡಿದ್ದರೇ ಪ್ರಯೋಗಾಲಯದ ಬಾಗಿಲು, ಗಂಡನಿಗೆ ಇಲ್ಲಿಗೆ ಬರಲು ಅನುಮತಿ ಸಿಗಬೇಕಾದರೂ ಮೊದಲು ಇವಳ ಕಾರ್ಡು, ಆದ್ದರಿಂದ ಇವತ್ತು ಚೋಟಿಯನ್ನು ಬಿಟ್ಟು ಬರಲೇಬೇಕಿತ್ತು, ಇಷ್ಟು ದಿನ ಮಕ್ಕಳ ಮನೆಯ ಮೂಲೆಯಲ್ಲಿ ಮಂಡಿ ಗಲ್ಲಕ್ಕೆ ತಾಗುವ ಪುಟ್ಟ ಕುರ್ಚಿಯ ಮೇಲೆ ತಾನೂ ಕೂತಿದ್ದಳಲ್ಲ, ಅದು ಅಲ್ಲಿಯ ಪದ್ಧತಿ, ತಾಯಿ ಮೂಲೆಯಲ್ಲಿರಬೇಕು, ಮಗು ಮೆಲ್ಲಗೆ ದೂರ ಹೋಗಬೇಕು, ಆಮೇಲೆ ಒಂದು ದಿನ ತಾಯಿ ಎದ್ದು ಹೋಗಬೇಕು, ಆದರೆ ಹೇಳಿ ಹೋಗಬೇಕು. ಮಕ್ಕಳ ಮನೆಯ ಟೀಚರಮ್ಮ, ದಪ್ಪ ಕನ್ನಡಕದವಳು, ನಿನ್ನೆ ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಹೇಳಿದಳು, ಕದ್ದು ಮಾತ್ರ ಹೋಗ್ಬೇಡಿ, ಹೋಗ್ತೀನಿ ಅಂತ ಮುಖ ನೋಡಿ ಹೇಳಿ, ಅತ್ರೆ ಅಳಲಿ, ನಾವಿದ್ದೀವಿ, ನೀವು ಹೇಳಿದ ಹಾಗೇ ವಾಪಸ್ ಬರ್ತೀರಿ ಅನ್ನೋದು ಅವಳಿಗೆ ಗೊತ್ತಾಗ್ಲಿ. ಅವಳು ತಲೆಯಾಡಿಸಿದ್ದಳು. ಇವತ್ತು ಬೆಳಿಗ್ಗೆ ಚೋಟಿಯ ಕೋಟು ಬಿಚ್ಚಿ ಗೂಟಕ್ಕೆ ನೇತು ಹಾಕಿದಳು, ಒಂದೊಂದು ಮಗುವಿನ ಗೂಟಕ್ಕೆ ಒಂದೊಂದು ಚಿತ್ರ, ಚೋಟಿಯದು ಬಸವನಹುಳು, ಬಗ್ಗಿ ಬೂಟಿನ ದಾರ ಬಿಚ್ಚುವಾಗ ತನ್ನ ಕೋಟು ಸ್ವಲ್ಪ ಜಗ್ಗಿದಂತಾಯಿತು, ಮಗು ಹೀಗೇ ಜಗ್ಗುತ್ತದೆ, ಅಭ್ಯಾಸ, ಒಳಗೆ ಹೋಗಿ ಮಣಿಗಳ ತಟ್ಟೆಯ ಮುಂದೆ ಕೂತಿತು, ಒಂದು ಕೆಂಪು, ಒಂದು ಹಳದಿ, ಎರಡೂ ಕೈಯಲ್ಲಿ ದಾರಕ್ಕೆ ಪೋಣಿಸುತ್ತ ತಲೆ ತಗ್ಗಿಸಿತು, ಟೀಚರಮ್ಮ ಯಾರದೋ ಮೂಗು ಒರೆಸುತ್ತಿದ್ದಳು, ಹೋಗ್ತೀನಿ ಅನ್ನಲು ಒಂದು ಹೆಜ್ಜೆ ಮುಂದಿಟ್ಟಳು, ಸುಮ್ಮನಿರುವ ಮಗುವನ್ನು ಅಳಿಸಿ ಹೋಗು ಅಂದರೆ ಯಾವ ನ್ಯಾಯ, ಕಾಲು ತಾನಾಗಿ ಹಿಂದೆ ಸರಿಯಿತು, ಬಾಗಿಲು ಸದ್ದಾಗದಂತೆ ಎಳೆದುಕೊಂಡಳು. ರಸ್ತೆ ದಾಟುವಾಗ ಖುಷಿಯೇ ಆಗಿತ್ತು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಕಣ್ಣು ತಪ್ಪಿಸಿ ಹೋಗುವುದು ಅವರ ಮನೆಯ ವಿದ್ಯೆ, ಅವಳ ಅಮ್ಮ ಅದರಲ್ಲಿ ಪಳಗಿದವಳು, ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಕಣೇ, ಮಕ್ಕಳಿಗೆ ಹೇಳಿ ಹೋಗ್ತಾರಾ ಯಾರಾದ್ರೂ, ಹೇಳಿದ್ರೆ ಸೆರಗು ಬಿಡುತ್ವಾ. ಇವಳನ್ನೂ ಹಾಗೇ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು, ಅಮ್ಮ ಎಲ್ಲಿ ಅಂದರೆ ಬಚ್ಚಲಲ್ಲಿದ್ದಾಳೆ ಅನ್ನುತ್ತಿದ್ದರು, ಬಚ್ಚಲ ಬಾಗಿಲ ಮುಂದೆ ಕೂತೇ ಇದ್ದದ್ದು ನೆನಪಿದೆ, ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು — ಚೋಟಿಯನ್ನು ಬೆಳೆಸಿದ್ದೂ ಅದೇ ಅಮ್ಮ, ಇವಳು ಕಾಂಕ್ರೀಟಿನ ಬಿರುಕುಗಳ ಸಂಶೋಧನೆಯ ಹಿಂದೆ ಬಿದ್ದು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಗ, ಮಗು ಅಜ್ಜಿಯನ್ನೇ ಅಮ್ಮ ಅಂದಿತು, ಹೆತ್ತವಳನ್ನು ಏನೂ ಅನ್ನಲಿಲ್ಲ, ಬೇಕೆನಿಸಿದಾಗ ತೋಳು ಜಗ್ಗಿತು ಅಷ್ಟೇ, ಆಯ್ತು ಬಿಡು, ಒಟ್ಟಿಗಿದ್ದರೆ ಸರಿಹೋಗುತ್ತೆ, ಹೊರದೇಶದಲ್ಲಿ ನಾವಿಬ್ಬರೇ ಇರುತ್ತೇವಲ್ಲ. ವಿಮಾನ ನಿಲ್ದಾಣದ ಗಾಜಿನ ಬಾಗಿಲ ಹತ್ತಿರ ಅಮ್ಮ ಚೋಟಿಯ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದಳು, ಅದನ್ನು ಪುಟ್ಟ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು, ಇದನ್ನ ಗಟ್ಟಿಯಾಗಿ ಹಿಡ್ಕೊಂಡಿರು ಬಂಗಾರ, ನೀರು ತುಂಬಿಸ್ಕೊಂಡು ಬಂದ್ಬಿಡ್ತೀನಿ, ಮುಚ್ಚಳ ನಿನ್ನ ಹತ್ರ ಇದ್ರೆ ನಾನು ಬರಲೇಬೇಕಲ್ಲ. ಇವಳತ್ತ ಕಣ್ಸನ್ನೆ ಮಾಡಿದಳು, ಹೋಗು, ಹೋಗು. ಇವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಚೋಟಿ ವಿಮಾನದಲ್ಲಿ ಮುಷ್ಟಿ ಬಿಚ್ಚಲಿಲ್ಲ, ನಿದ್ದೆಯಲ್ಲೂ ಬಿಚ್ಚಲಿಲ್ಲ, ಅಂಚನ್ನು ಕಚ್ಚಿ ಕಚ್ಚಿ ಹಲ್ಲಿನ ಗುರುತು, ಸ್ನಾನ ಮಾಡಿಸುವಾಗ ಇನ್ನೊಂದು ಕೈಗೆ ದಾಟಿಸುತ್ತಾಳೆ, ಕಳೆದ ವಾರ ಫೋನಿನಲ್ಲಿ ಅಮ್ಮನ ಮುಖ ಬಂದಾಗ ಚೋಟಿ ಮುಷ್ಟಿ ಬಿಚ್ಚಿ ಮುಚ್ಚಳವನ್ನು ಪರದೆಗೆ ಹಿಡಿದು ತೋರಿಸಿದಳು, ನೋಡು, ಇನ್ನೂ ಇದೆ. ಅಮ್ಮ ಪಕ್ಕಕ್ಕೆ ತಿರುಗಿ, ಏನೂ ಕಾಣಿಸ್ತಿಲ್ಲ ಕಣೇ, ಸಿಗ್ನಲ್ ಸರಿಯಿಲ್ಲ, ಎಂದು ಇಟ್ಟುಬಿಟ್ಟಳು.

ಕಾಯಿಲೆ ಬರುವ ಮೊದಲೇ ವೈದ್ಯರಲ್ಲಿ ಹೆಸರು ಬರೆಸಿ, ಅಂಚೆಪೆಟ್ಟಿಗೆಗೆ ನಿಮ್ಮ ಹೆಸರು ಅಂಟಿಸಿ, ಹೆಸರಿಲ್ಲದಿದ್ದರೆ ನೀವು ಅಲ್ಲಿಲ್ಲ ಅಂತಲೇ ಲೆಕ್ಕ — ಸ್ವಾಗತದ ಹೆಂಗಸು ಒಳ್ಳೆಯವಳು, ಎಷ್ಟು ಬಾಯಿ ಒಣಗಿಸಿಕೊಳ್ಳುತ್ತಾಳೆ ಪಾಪ, ಯಾರೋ ಗಡ್ಡದವರು ಸೈಕಲ್ಲಿನ ದೀಪದ ಬಗ್ಗೆ ಕೇಳುತ್ತಿದ್ದಾರೆ, ಫೋನು ಇನ್ನೂ ನಡುಗಿಲ್ಲ, ತೆಗೆದು ನೋಡಿದಳು, ಸತ್ತಿಲ್ಲ, ಬದುಕಿದೆ, ಸಿಗ್ನಲ್ಲೂ ಇದೆ. ಮತ್ತೆ ಮಣಿಗಳು ಕಣ್ಣಿಗೆ ಬಂದವು, ಒಂದು ಕೆಂಪು, ಒಂದು ಹಳದಿ, ಎರಡೂ ಕೈಯಲ್ಲಿ ಪೋಣಿಸುತ್ತ — ಎರಡೂ ಕೈ. ಎರಡೂ ಕೈ ಖಾಲಿ ಇದ್ದವು. ಹಾಗಾದರೆ ಮುಚ್ಚಳ ಎಲ್ಲಿತ್ತು, ಎಲ್ಲಿ ಹೋಯಿತು, ಬಿದ್ದಿರಬೇಕು, ಬಿದ್ದಿದ್ದರೆ ಹುಡುಕುತ್ತಿರಲಿಲ್ಲವೇ, ಬೂಟಿನ ದಾರ ಬಿಚ್ಚುವಾಗ ಕೋಟು ಜಗ್ಗಿತ್ತು, ಬಲಗಡೆ ಜಗ್ಗಿತ್ತು, ಬೇಡ, ಅಲ್ಲಿಗೆ ಕೈ ಹಾಕಬೇಡ ಅಂದುಕೊಳ್ಳುವಷ್ಟರಲ್ಲಿ ಬಲಗೈ ಬಲಜೇಬಿನೊಳಗೆ ಇಳಿದಿತ್ತು, ಮನೆಯ ಬೀಗದಕೈ, ಕರವಸ್ತ್ರ, ಅದರ ಕೆಳಗೆ ಗುಂಡನೆಯದು, ಅಂಚಿನಲ್ಲಿ ಹಲ್ಲಿನ ಗುರುತು. ಗೊತ್ತಿತ್ತು. ಮಗುವಿಗೆ ಮೊದಲೇ ಗೊತ್ತಿತ್ತು, ಇವಳು ಕದ್ದು ಹೋಗುತ್ತಾಳೆಂದು ಇವಳಿಗಿಂತ ಮೊದಲೇ ಗೊತ್ತಿತ್ತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇವಳು ಹಿಂದೆ ಹಿಂದೆ ಸರಿಯುವಾಗ ಚೋಟಿ ಬೇಕೆಂದೇ ತಲೆ ತಗ್ಗಿಸಿ ಮಣಿ ಪೋಣಿಸುತ್ತಿದ್ದಳು, ಹೋಗಲಿ ಎಂದು ಬಿಟ್ಟುಕೊಟ್ಟಳು, ಮುಚ್ಚಳ ಹಿಡಿದು ಕೂತರೆ ಯಾರೂ ಬರುವುದಿಲ್ಲ ಎಂದು ಕಲಿತ ಮಗು ಈ ಸಲ ಅದನ್ನು ಹೋಗುವವಳ ಜೇಬಿಗೇ ಹಾಕಿತು, ತಿರುಗಿ ಕೊಡಲಾದರೂ ಬರಲಿ ಎಂದು. ಕಾಂಕ್ರೀಟು ಬಿರುಕು ಬಿಡುವ ಮೊದಲು ಒಳಗೇ ಸಣ್ಣಗೆ ಸದ್ದು ಮಾಡುತ್ತದೆ, ಅದನ್ನು ಯಂತ್ರವಿಟ್ಟು ಕೇಳಿಸಿಕೊಳ್ಳುವುದೇ ಅವಳ ಕಸುಬು, ಸೇತುವೆಯ ಕಂಬಕ್ಕೆ ಕಿವಿಗೊಟ್ಟು ಪದವಿ ತಗೊಂಡವಳು, ಒಂದು ಅಂಗೈ ಬಿಚ್ಚಿದ್ದು ಕೇಳಿಸಲಿಲ್ಲ. ಎದ್ದಳು, ಕುರ್ಚಿ ಕಿರ್ ಎಂದಿತು, ಇನ್ನು ಸ್ವಲ್ಪದರಲ್ಲೇ ಕಾರ್ಡು ಕೊಡ್ತೀವಿ, ಕೂತ್ಕೊಳ್ಳಿ, ಸ್ವಾಗತದ ಹೆಂಗಸು ನಗುನಗುತ್ತಲೇ ಹೇಳಿದಳು, ಅವಳು ಕೂರಲಿಲ್ಲ, ಕಾರ್ಡು ಹೋಯಿತು.

ಮೆಟ್ಟಿಲು, ಅಂಗಳ, ರಸ್ತೆ, ಯಾರೋ ಗಂಟೆ ಬಾರಿಸಿದರು, ಸೈಕಲ್ಲು, ಕ್ಷಮಿಸಿ, ಏನು ಹೇಳಬೇಕು ಅವಳಿಗೆ, ಬಂದೆ ಅನ್ನಬೇಕೇ, ಹೇಳದೆ ಹೋದವಳು ಬಂದೆ ಅಂದರೆ ಯಾರು ನಂಬುತ್ತಾರೆ, ಇನ್ನು ಮೇಲೆ ಹೇಳಿ ಹೋಗ್ತೀನಿ ಕಂದ, ಎಷ್ಟೇ ಅತ್ತರೂ ಹೇಳಿ ಹೋಗ್ತೀನಿ, ಅಳು, ಒಂದು ಸಲ ಅತ್ತುಬಿಡು, ಮಕ್ಕಳ ಮನೆಯ ಗಾಜಿನ ಬಾಗಿಲು, ತೆರೆಯಲು ಒತ್ತಬೇಕಾದ ಅಂಕಿಗಳು ತಲೆಯಿಂದ ಹಾರಿಹೋಗಿವೆ, ಮುಚ್ಚಳ ಹಿಡಿದ ಕೈಯಿಂದಲೇ ಗಾಜು ಬಡಿದಳು, ಒಳಗೆ ಬಸವನಹುಳುವಿನ ಗೂಟ ಖಾಲಿ, ಅದರ ಕೆಳಗಿನ ಬೆಂಚಿನ ಮೇಲೆ ಚೋಟಿ, ಕೋಟು ತಾನೇ ಹಾಕಿಕೊಂಡಿದ್ದಾಳೆ, ಗುಂಡಿ ಏರುಪೇರು, ಬೂಟು ಅದಲುಬದಲು, ಪಕ್ಕದಲ್ಲಿ ಟೀಚರಮ್ಮ ಕೂತಿದ್ದಾಳೆ, ಎಷ್ಟು ಕರೆದರೂ ಆಟಕ್ಕೆ ಹೋಗಿಲ್ಲ ಅನ್ನಿಸುತ್ತದೆ, ಈಗ ಎದ್ದು ಬರುತ್ತಿದ್ದಾಳೆ ಬಾಗಿಲು ತೆರೆಯಲು, ಬೇಗ ಬರಬಾರದೇ. ಚೋಟಿ ತಲೆಯೆತ್ತಿದಳು. ಇವಳ ಮುಖ ನೋಡಲಿಲ್ಲ, ಗಾಜಿಗೆ ಒತ್ತಿದ ಅಂಗೈ ನೋಡಿದಳು, ತುಟಿ ಅಲುಗಿತು, ಇಷ್ಟು ದಿನಗಳ ಮೇಲೆ ತುಟಿ ಅಲುಗಿತು, ಒಂದೇ ಮಾತು, ದಪ್ಪ ಗಾಜು, ಕೇಳಿಸಲಿಲ್ಲ, ಅಮ್ಮ ಅಂದಳೇ, ಅಮ್ಮ ಎಂದೇ ಇರಬೇಕು, ಆದರೆ ಯಾವ ಅಮ್ಮ, ಯಾರನ್ನು ಕೇಳುತ್ತಿದ್ದಾಳೆ, ಕಣ್ಣು ಮೇಲೇಳಲಿ, ಒಂದು ಸಲ ಮುಖಕ್ಕೆ ಬರಲಿ, ಬರುತ್ತಿಲ್ಲ, ಅಲ್ಲೇ ನಿಂತಿದೆ, ಅಂಗೈಗೂ ಗಾಜಿಗೂ ನಡುವೆ, ನೀಲಿ, ಅಂಚಿನಲ್ಲಿ ಹಲ್ಲಿನ ಗುರುತು, ಮುಚ್ಚಳ, ಬರೀ ಮುಚ್ಚಳ —